ಚಿಪ್ ಮೆಷಿನ್ ಕಂಪನಿಯ ರಿಸಲ್ಟ್ ಓದುವುದು ಹೇಗೆ: ಒಬ್ಬ ಹಳೇ ಅಕೌಂಟೆಂಟ್ ಪಟ್ಟಿ

2024ರ ಅಕ್ಟೋಬರ್ 15ರಂದು ಎಎಸ್‌ಎಂಎಲ್ ಷೇರು ಒಂದೇ ದಿನಕ್ಕೆ ಸುಮಾರು ಶೇ 16ರಷ್ಟು ಬಿತ್ತು. ಚಿಪ್ ತಯಾರಿಸುವ ಮೆಷಿನ್ ಮಾಡುವ ನೆದರ್‌ಲೆಂಡ್ಸ್‌ ಕಂಪನಿ ಇದು. ಮರುದಿನ ಬರಬೇಕಿದ್ದ ಮೂರು ತಿಂಗಳ ರಿಸಲ್ಟ್ ಏನೋ ಎಡವಟ್ಟಾಗಿ ಹಿಂದಿನ ದಿನವೇ ಅವರ ವೆಬ್‌ಸೈಟಿನಲ್ಲಿ ಕಾಣಿಸಿಕೊಂಡಿತ್ತು. ಮಾರಾಟ ಸುಮಾರು 750 ಕೋಟಿ ಯೂರೊ, ಕಂಪನಿ ತಾನೇ ಮೊದಲು ಹೇಳಿದ್ದಕ್ಕಿಂತ ಜಾಸ್ತಿ. ಲಾಭ ಸುಮಾರು 210 ಕೋಟಿ. ಆದರೆ ಹೊಸ ಆರ್ಡರ್ ಬಂದದ್ದು 260 ಕೋಟಿ ಯೂರೊಗೆ ಮಾತ್ರ. ಮಾರ್ಕೆಟ್ಟು 500 ಕೋಟಿಗೂ ಮೇಲೆ ಎದುರು ನೋಡುತ್ತಿತ್ತು. ಜೊತೆಗೆ, 2025ರ ಮಾರಾಟ 3,000ದಿಂದ 4,000 ಕೋಟಿ ಆಗಬಹುದು ಅಂದಿದ್ದವರು ಮೇಲಿನ ಅಂಕಿಯನ್ನು 3,500ಕ್ಕೆ ಇಳಿಸಿದ್ದರು.

ಲಾಭ ಅಷ್ಟು ಚೆನ್ನಾಗಿದ್ದೂ ಷೇರು ಯಾಕೆ ಬಿತ್ತು ಅಂತ ನನ್ನನ್ನು ಕೇಳಿದವರು ಬಹಳ. ಮೆಷಿನ್ ಮಾರಿದವರು ಯಾರೂ ಕೇಳಲಿಲ್ಲ.

ನಾನು ಪೀಣ್ಯದಲ್ಲಿ ಒಂದು ಸಿಎನ್‌ಸಿ ಮೆಷಿನ್ ಕಂಪನಿಯ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದವಳು. ಅಲ್ಲಿ ಈ ತಿಂಗಳ ಬಿಲ್ಲಿಂಗ್ ಅಂದರೆ ಎಷ್ಟೋ ತಿಂಗಳ ಹಿಂದೆ ಬಂದ ಆರ್ಡರ್. ಆರ್ಡರ್ ಜೊತೆ ಅಡ್ವಾನ್ಸ್ ಬರುತ್ತದೆ, ಡಿಸ್ಪ್ಯಾಚ್‌ಗೆ ಮುಂಚೆ ಇನ್ನಷ್ಟು, ಗಿರಾಕಿಯ ಶೆಡ್ಡಿನಲ್ಲಿ ಮೆಷಿನ್ ಕೂರಿಸಿ ಓಡಿಸಿ ತೋರಿಸಿದ ಮೇಲೆ ಕೊನೆಯ ಕಂತು. ಆಮೇಲೆ ವರ್ಷಗಟ್ಟಲೆ ಸ್ಪೇರ್ಸು, ಎಎಂಸಿ (ವಾರ್ಷಿಕ ನಿರ್ವಹಣೆ ಗುತ್ತಿಗೆ). ಮಾರ್ಚ್ ಕೊನೆಗೆ ಬಿಲ್ಲಿಂಗ್ ಜೋರಾಗಿರುತ್ತಿತ್ತು, ಆರ್ಡರ್ ಪುಸ್ತಕ ಖಾಲಿ ಹೊಡೆಯುತ್ತಿತ್ತು. ಮಾಲೀಕರ ಮುಖ ನೋಡಿದರೆ ಸಾಕು, ಅವರು ಯಾವ ಪುಸ್ತಕ ನೋಡಿ ಬಂದಿದ್ದಾರೆ ಅಂತ ತಿಳಿಯುತ್ತಿತ್ತು. ಚಿಪ್ ಮೆಷಿನ್ ಕಂಪನಿಗಳ ರಿಸಲ್ಟನ್ನೂ ನಾನು ಆ ಕಣ್ಣಿನಿಂದಲೇ ಓದುತ್ತೇನೆ. ಮುಗಿದ ತ್ರೈಮಾಸಿಕದ ಲಾಭ ನನ್ನ ಪಟ್ಟಿಯಲ್ಲಿ ಕೊನೆಗೆ ಬರುತ್ತದೆ.

ಕೊಳ್ಳಿ, ಮಾರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಓದುವ ರೀತಿ ಮಾತ್ರ ಹೇಳುತ್ತೇನೆ.

ಯಾರು ಏನು ಮಾರುತ್ತಾರೆ

ನಾನು ನೋಡುವುದು ನಾಲ್ಕೇ ಕಂಪನಿ. ಎಎಸ್‌ಎಂಎಲ್ ಬೆಳಕಿನಿಂದ ವೇಫರ್ (ಚಿಪ್ ಮೂಡುವ ಸಿಲಿಕಾನ್ ಬಿಲ್ಲೆ) ಮೇಲೆ ವಿನ್ಯಾಸ ಮೂಡಿಸುವ ಲಿಥೋಗ್ರಫಿ ಮೆಷಿನ್ ಮಾಡುತ್ತದೆ. ಅದರಲ್ಲೂ ಇಯುವಿ, ಅಂದರೆ ಅತಿ ಸಣ್ಣ ತರಂಗದ ನೇರಳಾತೀತ ಬೆಳಕು ಬಳಸುವ ಮೆಷಿನ್ ಮಾರುವವರು ಜಗತ್ತಿನಲ್ಲಿ ಇವರೊಬ್ಬರೇ. ಲ್ಯಾಮ್ ರಿಸರ್ಚ್ ಕೆತ್ತುವ ಮತ್ತು ಪದರ ಹಾಕುವ ಮೆಷಿನ್ ಮಾಡುತ್ತದೆ. ಮೆಮೊರಿ ಚಿಪ್‌ನವರು ಅದರ ದೊಡ್ಡ ಗಿರಾಕಿಗಳು. ಕೆಎಲ್‌ಎ ತಪಾಸಣೆ ಮತ್ತು ಅಳತೆಯ ಮೆಷಿನ್. ಅಪ್ಲೈಡ್ ಮೆಟೀರಿಯಲ್ಸ್ ಹತ್ತಾರು ಬಗೆಯದು ಮಾರುತ್ತದೆ. ಕೆಎಲ್‌ಎ ಗ್ರಾಸ್ ಮಾರ್ಜಿನ್ (ಮಾರಾಟದಲ್ಲಿ ತಯಾರಿಕೆ ಖರ್ಚು ಕಳೆದು ಉಳಿಯುವ ಪಾಲು) ಶೇ 60ರ ಮೇಲೆ, ಲ್ಯಾಮ್ ಮತ್ತು ಅಪ್ಲೈಡ್‌ನದು ಶೇ 50ರ ಆಸುಪಾಸು. ಹಾಗಾಗಿ ಒಂದರ ಮಾರ್ಜಿನ್ ಇನ್ನೊಂದಕ್ಕೆ ಹೋಲಿಸಬೇಡಿ. ಆಯಾ ಕಂಪನಿಯ ಹಿಂದಿನ ಅಂಕಿಗೇ ಹೋಲಿಸಿ.

ಇವರ ಗಿರಾಕಿಗಳು, ಅಂದರೆ ಚಿಪ್ ತಯಾರಿಸುವವರು, ಬೆರಳೆಣಿಕೆ: ತೈವಾನಿನ ಟಿಎಸ್‌ಎಂಸಿ, ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್, ಇಂಟೆಲ್, ಮತ್ತೆ ಚೀನಾದ ಕಂಪನಿಗಳು. ಗುಜರಾತಿನ ಧೋಲೇರಾದಲ್ಲಿ ಟಾಟಾ ಫ್ಯಾಬ್ (ಚಿಪ್ ಕಾರ್ಖಾನೆ) ಬರುತ್ತಿದೆ, ಅದಕ್ಕೆ ಯಾವ ಷೇರು ಏರುತ್ತದೆ ಅಂತ ಕೇಳುವವರಿದ್ದಾರೆ. ಆ ಯೋಜನೆಯ ಒಟ್ಟು ಹಣ 91,000 ಕೋಟಿ ರೂಪಾಯಿ, ಅಂದರೆ ಸುಮಾರು 1,100 ಕೋಟಿ ಡಾಲರ್, ಅದೂ ಹಲವು ವರ್ಷಗಳಲ್ಲಿ, ಕಟ್ಟಡ ಗಿಟ್ಟಡ ಎಲ್ಲ ಸೇರಿ. ಜಗತ್ತಿನಲ್ಲಿ ಚಿಪ್ ಮೆಷಿನ್‌ಗೆ ಒಂದು ವರ್ಷಕ್ಕೆ ಖರ್ಚಾಗುವುದೇ 10,000 ಕೋಟಿ ಡಾಲರ್‌ಗೂ ಮೇಲೆ. ನಮಗೆ ಅದು ದೊಡ್ಡ ಸುದ್ದಿ, ಲ್ಯಾಮ್‌ನ ಮುಂದಿನ ತ್ರೈಮಾಸಿಕಕ್ಕೆ ಅಲ್ಲ.

ರಿಸಲ್ಟಿಗೆ ಮುಂಚಿನ ವಾರ

ಕೆಲಸದ ಮುಕ್ಕಾಲು ಪಾಲು ಇಲ್ಲೇ ಆಗಬೇಕು. ಒಂದು ಹಾಳೆ ತಗೊಂಡು ಬರೆಯಿರಿ.

ಮೊದಲು ಗಿರಾಕಿ ಏನು ಹೇಳಿದ್ದಾನೆ ಅನ್ನೋದು. ಟಿಎಸ್‌ಎಂಸಿ ಪ್ರತಿ ಜನವರಿಯಲ್ಲಿ ಆ ವರ್ಷದ ಬಂಡವಾಳ ವೆಚ್ಚ ಎಷ್ಟು ಅಂತ ಹೇಳುತ್ತದೆ. 2025ರ ಜನವರಿಯಲ್ಲಿ ಹೇಳಿದ್ದು 3,800ರಿಂದ 4,200 ಕೋಟಿ ಡಾಲರ್. 2026ರ ಜನವರಿಯಲ್ಲಿ 5,200ರಿಂದ 5,600 ಕೋಟಿ. ವರ್ಷದ ನಡುವೆ ಇದನ್ನು ಏರಿಸುತ್ತಾರಾ, ಇಳಿಸುತ್ತಾರಾ ಅಂತ ಪ್ರತಿ ರಿಸಲ್ಟಿನಲ್ಲೂ ನೋಡಿ. ಮೈಕ್ರಾನ್ ರಿಸಲ್ಟ್ ಲ್ಯಾಮ್‌ಗಿಂತ ಕೆಲವು ವಾರ ಮುಂಚೆ ಬರುತ್ತದೆ. ಮೆಮೊರಿ ಕಡೆ ಗಾಳಿ ಹೇಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಕೊಳ್ಳುವವನ ಬಾಯಲ್ಲಿ ಬಂದದ್ದನ್ನು ಮಾರುವವನ ಬಾಯಿಂದ ಕೇಳಲು ಯಾಕೆ ಕಾಯಬೇಕು?

ಎರಡನೆಯದು, ಕಂಪನಿ ಹಿಂದಿನ ಸಲ ಕೊಟ್ಟ ಗೈಡೆನ್ಸಿನ (ಮುಂದೆ ಮಾರಾಟ ಎಷ್ಟರಿಂದ ಎಷ್ಟು ಆಗಬಹುದು ಅನ್ನುವ ಅದರದೇ ಅಂದಾಜಿನ) ನಡುವಿನ ಅಂಕಿ ಮತ್ತು ವಿಶ್ಲೇಷಕರ ಸರಾಸರಿ ಅಂದಾಜು. ಎರಡನ್ನೂ ಪಕ್ಕಪಕ್ಕ ಬರೆಯಿರಿ. ಈ ತ್ರೈಮಾಸಿಕಕ್ಕೆ ಬರೆದರೆ ಸಾಲದು, ಮುಂದಿನದಕ್ಕೂ ಬೇಕು. ಇಲ್ಲಿ ಹೊಸಬರು ಎಡವುವ ಒಂದು ಕಲ್ಲಿದೆ: ಇವರ ಹಣಕಾಸು ವರ್ಷಗಳು ಬೇರೆ ಬೇರೆ. ಅಪ್ಲೈಡ್ ವರ್ಷ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ, ಲ್ಯಾಮ್ ಮತ್ತು ಕೆಎಲ್‌ಎ ಜೂನ್‌ಗೆ, ಎಎಸ್‌ಎಂಎಲ್ ಡಿಸೆಂಬರ್‌ಗೆ. ಒಬ್ಬರ ನಾಲ್ಕನೇ ತ್ರೈಮಾಸಿಕ ಇನ್ನೊಬ್ಬರದ್ದಲ್ಲ. ಹಾಳೆಯಲ್ಲಿ ತಿಂಗಳ ಹೆಸರೇ ಬರೆಯಿರಿ.

ಮೂರನೆಯದು, ಷೇರು ಕಳೆದ ಮೂರು ತಿಂಗಳಲ್ಲಿ ಎಷ್ಟು ಏರಿದೆ. ಶೇ 30 ಏರಿ ರಿಸಲ್ಟಿಗೆ ಬಂದಿದ್ದರೆ ಒಳ್ಳೆಯ ಸುದ್ದಿಗೆ ದುಡ್ಡು ಆಗಲೇ ಕೊಟ್ಟಾಗಿದೆ. ಆಪ್ಷನ್ ವ್ಯಾಪಾರ ಮಾಡದಿದ್ದರೂ ಆಪ್ಷನ್ ಬೆಲೆ ನೋಡಿ. ಗೊತ್ತುಮಾಡಿದ ಬೆಲೆಗೆ ಷೇರು ಕೊಳ್ಳುವ ಹಕ್ಕು ಕಾಲ್, ಮಾರುವ ಹಕ್ಕು ಪುಟ್. ಆ ವಾರ ಮುಗಿಯುವ, ಈಗಿನ ಬೆಲೆಗೆ ಹತ್ತಿರದ ಕಾಲ್ ಮತ್ತು ಪುಟ್ ಎರಡರ ಬೆಲೆ ಕೂಡಿ, ಷೇರಿನ ಬೆಲೆಯಿಂದ ಭಾಗಿಸಿ. ಬರುವ ಶೇಕಡಾವೇ ಮಾರ್ಕೆಟ್ಟು ನಿರೀಕ್ಷಿಸುತ್ತಿರುವ ಏರಿಳಿತ. ಅದು ಶೇ 7 ಇದ್ದು, ಷೇರು ಶೇ 6 ಬಿದ್ದರೆ ಗಾಬರಿ ಬೀಳುವಂಥದ್ದೇನೂ ಆಗಿಲ್ಲ.

ರಿಸಲ್ಟ್ ದಿನ ಓದುವ ಕ್ರಮ

ಎಎಸ್‌ಎಂಎಲ್ ರಿಸಲ್ಟ್ ನಮ್ಮಲ್ಲಿ ಬೆಳಗ್ಗೆ ಬರುತ್ತದೆ, ಕಾಫಿ ಕುಡಿದು ಆರಾಮಾಗಿ ಓದಬಹುದು. ಅಮೆರಿಕದ ಮೂವರದ್ದು ಅಲ್ಲಿನ ಮಾರ್ಕೆಟ್ ಮುಚ್ಚಿದ ಮೇಲೆ, ಅಂದರೆ ನಮಗೆ ನಡುರಾತ್ರಿ ದಾಟಿ. ನಾನು ನಿದ್ದೆಗೆಡುವುದಿಲ್ಲ. ಬೆಳಗ್ಗೆ ಎದ್ದು ಈ ಕ್ರಮದಲ್ಲಿ ನೋಡುತ್ತೇನೆ.

ಮುಂದಿನ ತ್ರೈಮಾಸಿಕದ ಗೈಡೆನ್ಸ್ ಎಲ್ಲಕ್ಕಿಂತ ಮೊದಲು. 2025ರ ಆಗಸ್ಟ್ 14ರಂದು ಅಪ್ಲೈಡ್ 730 ಕೋಟಿ ಡಾಲರ್ ಮಾರಾಟ ತೋರಿಸಿತು. ಅದು ಅಲ್ಲಿಯವರೆಗಿನ ಅವರ ದಾಖಲೆ. ಮುಂದಿನದಕ್ಕೆ ಕೊಟ್ಟ ನಡುವಿನ ಅಂಕಿ 670 ಕೋಟಿ. ಮರುದಿನ ಷೇರು ಶೇ 14ರಷ್ಟು ಇಳಿಯಿತು. ದಾಖಲೆ ಮಾರಾಟ ಅನ್ನುವ ತಲೆಬರಹ ನೋಡಿ ಕೊಂಡವರ ಕಥೆ ನೀವೇ ಊಹಿಸಿ.

ಆಮೇಲೆ ಆರ್ಡರ್. ಆದರೆ ಒಂದು ತ್ರೈಮಾಸಿಕದ ಆರ್ಡರ್ ಹಿಡಿದು ಕುಣಿಯಬೇಡಿ, ಅಳಲೂಬೇಡಿ. ಎಎಸ್‌ಎಂಎಲ್‌ಗೆ 2023ರ ಕೊನೆಯ ತ್ರೈಮಾಸಿಕದಲ್ಲಿ ಬಂದದ್ದು 920 ಕೋಟಿ ಯೂರೊ. ಅಲ್ಲಿಂದ ಮುಂದೆ ಕ್ರಮವಾಗಿ 360, 560, 260, 710 ಕೋಟಿ. ಒಂದೊಂದು ಇಯುವಿ ಮೆಷಿನ್ ಬೆಲೆ ಹತ್ತಾರು ಕೋಟಿ ಯೂರೊ ಇರುವಾಗ ಗಿರಾಕಿ ಸಹಿ ಹಾಕುವುದು ಎರಡು ವಾರ ತಡವಾದರೂ ಅಂಕಿ ತಲೆಕೆಳಗಾಗುತ್ತದೆ. ನಾಲ್ಕು ತ್ರೈಮಾಸಿಕ ಕೂಡಿಸಿ ನೋಡಿದರೇನೇ ಅರ್ಥ. 2024 ಪೂರ್ತಿ ಕೂಡಿದರೆ ಸುಮಾರು 1,890 ಕೋಟಿ. ಅದೇ ವರ್ಷ ಮಾರಾಟ ಸುಮಾರು 2,830 ಕೋಟಿ. ಮಾರಾಟದಲ್ಲಿ ಸರ್ವಿಸ್ಸೂ ಸೇರಿದೆ, ಆರ್ಡರ್ ಲೆಕ್ಕದಲ್ಲಿ ಮೆಷಿನ್ ಮಾತ್ರ, ಆದ್ದರಿಂದ ನೇರ ಹೋಲಿಕೆ ಬೇಡ. ಆದರೂ ಪುಸ್ತಕ ತುಂಬುತ್ತಿದೆಯೋ ಕರಗುತ್ತಿದೆಯೋ ಅನ್ನೋ ಅಂದಾಜು ಸಿಗುತ್ತದೆ. 2026ರಿಂದ ಎಎಸ್‌ಎಂಎಲ್ ಪ್ರತಿ ತ್ರೈಮಾಸಿಕಕ್ಕೆ ಆರ್ಡರ್ ಅಂಕಿ ಕೊಡುವುದನ್ನೇ ನಿಲ್ಲಿಸಿದೆ. ನನಗೆ ಇದು ಸ್ವಲ್ಪವೂ ಇಷ್ಟವಾಗಿಲ್ಲ. ಮಾರ್ಕೆಟ್ಟು ಅತಿಯಾಗಿ ಆಡುತ್ತದೆ ಅಂತ ಓದುವವರಿಂದ ಪುಸ್ತಕ ಕಿತ್ತುಕೊಂಡ ಹಾಗಾಯಿತು.

ಆರ್ಡರ್ ಹೇಳದವರಲ್ಲಿ ಬ್ಯಾಲೆನ್ಸ್ ಶೀಟಿಗೆ ಹೋಗಿ. ಲ್ಯಾಮ್‌ನ ಡಿಫರ್ಡ್ ರೆವಿನ್ಯೂ ಅನ್ನುವ ಸಾಲಿನಲ್ಲಿ ಗಿರಾಕಿಯ ಅಡ್ವಾನ್ಸ್ ಕೂತಿರುತ್ತದೆ. ಅದರ ಜೊತೆಗೆ ಗಿರಾಕಿಯಿಂದ ಬರಬೇಕಾದ ಬಾಕಿ ಮತ್ತು ಗೋದಾಮಿನಲ್ಲಿರುವ ಮಾಲು ನೋಡಿ. ಮಾರಾಟಕ್ಕಿಂತ ಬಾಕಿ ಜೋರಾಗಿ ಬೆಳೆದಿದ್ದರೆ ಕೊನೆಯ ವಾರದಲ್ಲಿ ಸಿಕ್ಕಾಪಟ್ಟೆ ಡಿಸ್ಪ್ಯಾಚ್ ಆಗಿದೆ ಅಂತ ನನ್ನ ಮೂಗಿಗೆ ವಾಸನೆ ಬಡಿಯುತ್ತದೆ. ಪ್ರತಿ ಸಲ ನಿಜವಾಗಬೇಕಿಲ್ಲ, ಆದರೆ ಕಾರಣ ಹುಡುಕುತ್ತೇನೆ.

ಮೂರನೆಯದು ಚೀನಾ. 2022ರ ಅಕ್ಟೋಬರ್ 7ರಂದು ಅಮೆರಿಕ ರಫ್ತು ನಿರ್ಬಂಧ ಬಿಗಿ ಮಾಡಿತು. ಆಮೇಲೆ ಚೀನಾದವರು ಸಿಕ್ಕುವಾಗಲೇ ತಗೊಂಡುಬಿಡೋಣ ಅಂತ ಕೊಳ್ಳತೊಡಗಿದರು. 2024ರ ಮೊದಲ ಎರಡು ತ್ರೈಮಾಸಿಕದಲ್ಲಿ ಎಎಸ್‌ಎಂಎಲ್ ಮೆಷಿನ್ ಮಾರಾಟದ ಶೇ 49 ಚೀನಾಗೇ ಹೋಯಿತು. 2025ರಲ್ಲಿ ಇದು ಶೇ 20ರ ಆಸುಪಾಸಿಗೆ ಬರುತ್ತದೆ ಅಂತ ಕಂಪನಿ ಅಂದಿತು. ಆದರೆ ಆ ವರ್ಷದ ಮೂರನೇ ತ್ರೈಮಾಸಿಕದಲ್ಲೂ ಶೇ 42 ಇತ್ತು. ಕಂಪನಿಗೇ ಲೆಕ್ಕ ಸಿಗದ ಜಾಗ ಇದು. ನಾನು ಮಾಡುವುದು ಇಷ್ಟೆ: ಚೀನಾ ಮಾರಾಟ ಅರ್ಧಕ್ಕೆ ಇಳಿದರೆ ಮಿಕ್ಕ ಮಾರಾಟದ ಮೇಲೆ ಷೇರಿನ ಬೆಲೆ ಹೇಗೆ ಕಾಣುತ್ತದೆ ಅಂತ ಒಂದು ಸಲ ಲೆಕ್ಕ ಹಾಕುತ್ತೇನೆ.

ಸರ್ವಿಸ್ ಮತ್ತು ಸ್ಪೇರ್ಸ್ ಮಾರಾಟ ನೋಡಿ. ಲ್ಯಾಮ್‌ನಲ್ಲಿ ಇದು ಒಟ್ಟು ಮಾರಾಟದ ಸುಮಾರು ಮೂರನೇ ಒಂದು ಭಾಗ. ಹೊಸ ಮೆಷಿನ್ ಮಾರಾಟ ನಿಂತಾಗಲೂ ಇದು ಪೂರ್ತಿ ನಿಲ್ಲುವುದಿಲ್ಲ. ಗ್ರಾಸ್ ಮಾರ್ಜಿನ್ ಒಂದು ಸಾಲಿನ ಕೆಲಸ. ಅರ್ಧ ಪರ್ಸೆಂಟಿಗಿಂತ ಜಾಸ್ತಿ ಅಲ್ಲಾಡಿದ್ದರೆ ಮಾತ್ರ ಕಾರಣ ಓದಿ.

ಪಿಇ ನೋಡಿ ಅಗ್ಗ ಅನ್ನಬೇಡಿ

ಈ ಧಂಧೆಯಲ್ಲಿ ಏರುಗಾಲ, ಇಳಿಗಾಲ ಇದ್ದದ್ದೇ. ಲಾಭ ತುದಿಯಲ್ಲಿದ್ದಾಗ ಪಿಇ (ಷೇರಿನ ಬೆಲೆಯನ್ನು ಒಂದು ಷೇರಿನ ಲಾಭದಿಂದ ಭಾಗಿಸಿದರೆ ಬರುವ ಅಂಕಿ) ಕಡಿಮೆ ಕಾಣುತ್ತದೆ, ತಳದಲ್ಲಿದ್ದಾಗ ಜಾಸ್ತಿ. ಲ್ಯಾಮ್ ಮಾರಾಟ 2022ರ ಡಿಸೆಂಬರ್ ತ್ರೈಮಾಸಿಕದಲ್ಲಿ 528 ಕೋಟಿ ಡಾಲರ್ ಇತ್ತು. 2023ರ ಜೂನ್ ತ್ರೈಮಾಸಿಕಕ್ಕೆ 321 ಕೋಟಿಗೆ ಕುಸಿಯಿತು. ಅದೇ ಆರು ತಿಂಗಳಲ್ಲಿ ಷೇರು ಸುಮಾರು ಅರ್ಧದಷ್ಟು ಏರಿತು! ಮೆಮೊರಿಯವರು ಖರ್ಚು ನಿಲ್ಲಿಸಿದ್ದು ಹಿಂದಿನ ವರ್ಷದ ಬೆಲೆಯಲ್ಲೇ ಬಂದುಹೋಗಿತ್ತು, ಎಐ ಕಡೆಯಿಂದ ಹೊಸ ಆಸೆ ಹುಟ್ಟಿತ್ತು. ಹಾಗಾಗಿ ಒಂದು ವರ್ಷದ ಲಾಭದ ಬದಲು ಐದಾರು ವರ್ಷಗಳ ಸರಾಸರಿ ಲಾಭಕ್ಕೆ ಬೆಲೆಯನ್ನು ಹೋಲಿಸಿ ನೋಡಿ. ಒರಟು ಲೆಕ್ಕವೇ, ಆದರೆ ತುದಿಯ ಲಾಭಕ್ಕೆ ಮರುಳಾಗುವುದಕ್ಕಿಂತ ವಾಸಿ.

ಕಾನ್ಫರೆನ್ಸ್ ಕಾಲ್

ಸಿಇಒ ಓದುವ ಭಾಷಣ ಬಿಡಿ, ಪ್ರಶ್ನೋತ್ತರ ಓದಿ. ಡೈಜೆಷನ್ ಅಂದರೆ ಗಿರಾಕಿ ಕೊಂಡ ಮೆಷಿನ್ ಇನ್ನೂ ಪೂರ್ತಿ ಬಳಸಿಲ್ಲ, ಸದ್ಯಕ್ಕೆ ಕೊಳ್ಳುವುದಿಲ್ಲ. ಪುಷ್‌ಔಟ್ ಅಂದರೆ ಮುಂದೂಡಿದ್ದಾನೆ. ಪುಲ್‌ಇನ್ ಅಂದರೆ ಮುಂದಿನ ತ್ರೈಮಾಸಿಕದ್ದು ಈಗಲೇ ಬಂದಿದೆ, ಮುಂದೆ ಅಷ್ಟು ಖೋತಾ.

2025ರ ಜುಲೈ ರಿಸಲ್ಟಿನಲ್ಲಿ ಎಎಸ್‌ಎಂಎಲ್ 550 ಕೋಟಿ ಯೂರೊ ಆರ್ಡರ್ ತೋರಿಸಿತ್ತು, ನಿರೀಕ್ಷೆಗಿಂತ ಜಾಸ್ತಿ. ಆದರೆ ಸಿಇಒ ಕ್ರಿಸ್ಟೋಫ್ ಫೂಕೆ 2026ರಲ್ಲಿ ಬೆಳವಣಿಗೆ ಇರುತ್ತದೆ ಅಂತ ಈಗ ಖಚಿತವಾಗಿ ಹೇಳಲಾರೆವು ಅಂದರು. ಷೇರು ಶೇ 11ರಷ್ಟು ಬಿತ್ತು. ಮೂರೇ ತಿಂಗಳಿಗೆ, ಅಕ್ಟೋಬರ್‌ನಲ್ಲಿ, 2026ರ ಮಾರಾಟ 2025ಕ್ಕಿಂತ ಕಡಿಮೆ ಆಗುವುದಿಲ್ಲ ಅಂತ ಅದೇ ಕಂಪನಿ ಹೇಳಿತು. ಒಂದು ವಾಕ್ಯಕ್ಕೆ ಹೆದರಿ ಮಾರುವ ಮುಂಚೆ ಆ ವಾರದ ಟಿಎಸ್‌ಎಂಸಿ ಮಾತು ಕೇಳಿ. ಎರಡೂ ಒಂದೇ ದಿಕ್ಕು ತೋರಿಸಿದರೆ ಮಾತ್ರ ನಾನು ಕೈ ಹಾಕುತ್ತೇನೆ.

ಇಲ್ಲಿಂದ ಕೊಳ್ಳುವವರಿಗೆ

ವಿದೇಶಕ್ಕೆ ಹಣ ಕಳಿಸುವ ಆರ್‌ಬಿಐ ಯೋಜನೆ ಎಲ್‌ಆರ್‌ಎಸ್‌ನ ಮಿತಿ ಒಬ್ಬರಿಗೆ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿ ಕಳಿಸಿದ ಹಣಕ್ಕೆ ಶೇ 20 ಟಿಸಿಎಸ್ (ಮುಂಗಡ ತೆರಿಗೆ) ಹಿಡಿಯುತ್ತಾರೆ; ರಿಟರ್ನ್ಸ್‌ನಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಅಲ್ಲಿಯವರೆಗೆ ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ಹಣ ಡಾಲರ್‌ಗೆ ಬದಲಿಸಿ ಮತ್ತೆ ರೂಪಾಯಿಗೆ ತರುವಾಗ ಎರಡೂ ಕಡೆ ಬ್ಯಾಂಕ್ ಮುರಿದುಕೊಳ್ಳುತ್ತದೆ. ಷೇರನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಶೇ 12.5 ತೆರಿಗೆ, ಮುಂಚೆ ಮಾರಿದರೆ ನಿಮ್ಮ ಸ್ಲ್ಯಾಬ್ ದರ. ಇಷ್ಟೆಲ್ಲ ಇರುವಾಗ ರಿಸಲ್ಟ್ ಹಿಂದಿನ ದಿನ ಕೊಂಡು ಮರುದಿನ ಮಾರುವ ಆಟ ಲೆಕ್ಕಕ್ಕೆ ಸರಿಹೋಗುವುದಿಲ್ಲ. ಕೊಳ್ಳಬೇಕು ಅನಿಸಿದರೆ ನಾನು ರಿಸಲ್ಟ್ ಆಗಿ ಕೆಲವು ದಿನ ಬಿಟ್ಟು, ಅರ್ಧ ಕೊಂಡು, ಮಿಕ್ಕರ್ಧ ಮುಂದಿನ ರಿಸಲ್ಟಿಗೆ ಇಡುತ್ತೇನೆ.

ಬೆಂಗಳೂರಿನಲ್ಲಿ ಲ್ಯಾಮ್‌ಗೂ ಅಪ್ಲೈಡ್‌ಗೂ ದೊಡ್ಡ ಎಂಜಿನಿಯರಿಂಗ್ ಕೇಂದ್ರಗಳಿವೆ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಅಲ್ಲಿ ಕೆಲಸ ಮಾಡುವ ಒಬ್ಬರಾದರೂ ಸಿಗಬಹುದು. "ಈ ಸಲ ಕ್ವಾರ್ಟರ್ ಹೇಗಪ್ಪಾ?" ಅಂತ ಲಿಫ್ಟಿನಲ್ಲಿ ಸುಮ್ನೆ ಕೂಡ ಕೇಳಬೇಡಿ. ಅವರು ಹೇಳುವ ಹಾಗಿಲ್ಲ, ಹೇಳಿದರೆ ನೀವು ಅದರ ಮೇಲೆ ವ್ಯಾಪಾರ ಮಾಡುವ ಹಾಗಿಲ್ಲ. ಆ ಕಂಪನಿಗಳಲ್ಲೇ ಇದ್ದು ಆರ್‌ಎಸ್‌ಯು (ಸಂಬಳದ ಜೊತೆ ಕೊಡುವ ಕಂಪನಿ ಷೇರು) ಪಡೆಯುವವರು ಇದನ್ನು ಓದುತ್ತಿದ್ದರೆ, ಸಂಬಳವೂ ಬೋನಸ್ಸೂ ಷೇರೂ ಒಂದೇ ಆರ್ಡರ್ ಪುಸ್ತಕದಿಂದ ಬರುತ್ತಿದೆ ಅನ್ನೋದು ನೆನಪಿರಲಿ. ಷೇರು ಕೈಗೆ ಬಂದಾಗಲೆಲ್ಲ ಮಾರಲು ಕಂಪನಿಯ ಅನುಮತಿ ಇರುವ ದಿನಗಳಲ್ಲಿ ಒಂದು ಪಾಲು ಮಾರಿ ಬೇರೆ ಕಡೆ ಹಾಕಿ. ಮತ್ತೆ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಯ ಶೆಡ್ಯೂಲ್ ಎಫ್‌ಎ ತುಂಬುವಾಗ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್ ಅಲ್ಲ, ಜನವರಿಯಿಂದ ಡಿಸೆಂಬರ್.