ಒಂದು ತ್ರೀಡಿ ಕನ್ನಡಕ, ಆರು ರೀಡಿಂಗ್: ಬೆಳಕಿನ ಧ್ರುವೀಕರಣ ಅಳೆಯುವುದು ಹೀಗೆ

ಕಾಲೇಜು ಲ್ಯಾಬಿನಲ್ಲಿ ಪೋಲರಾಯ್ಡ್ ಹಾಳೆ (ಒಂದೇ ದಿಕ್ಕಿನ ಕಂಪನದ ಬೆಳಕನ್ನು ಮಾತ್ರ ಬಿಡುವ ಹಾಳೆ) ತಿರುಗಿಸಿ, ಬೆಳಕು ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಎಂದು ಬರೆದುಕೊಂಡವರು ಬಹಳ ಜನ ಇದ್ದೀರಿ. ಅದರಿಂದ ಸಿಗುವುದು ಅರ್ಧ ಉತ್ತರ ಮಾತ್ರ. ಬೆಳಕಿನ ಕಂಪನ ಒಂದೇ ಗೆರೆಯಲ್ಲಿ ಇರಬಹುದು, ಸುತ್ತುತ್ತಾ ಮುಂದೆ ಸಾಗಬಹುದು, ಅಥವಾ ಯಾವ ಕ್ರಮವೂ ಇಲ್ಲದೆ ಎಲ್ಲ ದಿಕ್ಕಿಗೂ ಆಡುತ್ತಿರಬಹುದು. ಕಂಪನಕ್ಕೆ ಇರುವ ಈ ಕ್ರಮವೇ ಧ್ರುವೀಕರಣ. ಸುತ್ತುವ ಬೆಳಕಿಗೂ ಕ್ರಮವಿಲ್ಲದ ಬೆಳಕಿಗೂ ಪೋಲರಾಯ್ಡ್ ಒಂದೇ ರೀಡಿಂಗ್ ಕೊಡುತ್ತದೆ. ಎರಡನ್ನೂ ಬೇರೆ ಮಾಡಿ ತೋರಿಸುವ ಸಾಧನ ತ್ರೀಡಿ ಸಿನಿಮಾದ ಕನ್ನಡಕದಲ್ಲಿದೆ.

ಬ್ಯಾಟರಿ ಇಲ್ಲದ ಅಗ್ಗದ ಕನ್ನಡಕವೇ ಬೇಕು. ಅದರಲ್ಲೂ ಎರಡು ಜಾತಿ ಇವೆ. ಕನ್ನಡಿ ಮುಂದೆ ಹಾಕಿಕೊಂಡು ಒಂದು ಕಣ್ಣು ಮುಚ್ಚಿ. ತೆರೆದ ಕಣ್ಣಿನ ಗಾಜು ಕಪ್ಪಾಗಿ, ಮುಚ್ಚಿದ ಕಣ್ಣು ಚೆನ್ನಾಗಿ ಕಂಡರೆ ಅದು ವೃತ್ತೀಯ ಧ್ರುವೀಕರಣದ, ಅಂದರೆ ಸುತ್ತುವ ಬೆಳಕಿನ ಕನ್ನಡಕ. ನಮಗೆ ಬೇಕಾದ್ದು ಅದೇ. ತದ್ವಿರುದ್ಧ ಕಂಡರೆ ಅದು ಬರೀ ಪೋಲರಾಯ್ಡ್.

ಈ ಗಾಜಿನಲ್ಲಿ ಎರಡು ಪದರ ಇರುತ್ತವೆ. ಕಣ್ಣಿನ ಕಡೆ ಪೋಲರಾಯ್ಡ್, ಪರದೆಯ ಕಡೆ ಕ್ವಾರ್ಟರ್ ವೇವ್ ಪ್ಲೇಟ್. ಈ ಪ್ಲೇಟ್ ಸುತ್ತುವ ಬೆಳಕನ್ನು ನೇರ ಗೆರೆಯ ಬೆಳಕಾಗಿ ಮಾಡುತ್ತದೆ. ಹಾಗಾಗಿ ಬೆಳಕು ಮುಂದಿನಿಂದ ಬಂದರೆ ಒಂದು ಗಾಜು ಬಲಕ್ಕೆ ಸುತ್ತುವುದನ್ನು, ಇನ್ನೊಂದು ಎಡಕ್ಕೆ ಸುತ್ತುವುದನ್ನು ಬಿಡುತ್ತದೆ. ಗಾಜನ್ನು ಹಿಂದುಮುಂದು ಮಾಡಿದರೆ ಬೆಳಕು ಮೊದಲು ಪೋಲರಾಯ್ಡ್‌ಗೆ ತಾಗುತ್ತದೆ. ಆಗ ಅದು ಮಾಮೂಲಿ ಪೋಲರಾಯ್ಡ್ ತರಹವೇ ಕೆಲಸ ಮಾಡುತ್ತದೆ. ಹಿಂದುಮುಂದಾಗಿ ನಾಲ್ಕು ಕೋನಗಳಲ್ಲಿ ನಾಲ್ಕು, ಮುಂದಿನಿಂದ ಬಲ, ಎಡ ಎರಡು: ಒಂದೇ ಕನ್ನಡಕದಲ್ಲಿ ಆರೂ ಅಳತೆ ಸಿಗುವುದು ಹೀಗೆ.

ಮೊದಲು ಎರಡೂ ಗಾಜು ಬಿಡಿಸಿ, ಚೌಕ ರಟ್ಟಿಗೆ ಅಂಟಿಸಿ. ಆಂಡ್ರಾಯ್ಡ್ ಫೋನಿಗೆ ಲಕ್ಸ್ ಮೀಟರ್ ಆ್ಯಪ್ (ಫೋನಿನ ಬೆಳಕಿನ ಸೆನ್ಸರ್‌ಗೆ ಎಷ್ಟು ಬೆಳಕು ಬಿತ್ತು ಎಂದು ತೋರಿಸುವ ಆ್ಯಪ್) ಹಾಕಿಕೊಳ್ಳಿ. ಎಲ್‌ಸಿಡಿ ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಹಸಿರು ಚಿತ್ರ ತೆರೆದು, ಕೋಣೆ ಕತ್ತಲು ಮಾಡಿ. ಹಸಿರೇ ಏಕೆಂದರೆ ಇಂಥ ಸಾದಾ ಪ್ಲೇಟ್ ಎಲ್ಲ ಬಣ್ಣಕ್ಕೂ ಒಂದೇ ಸಮ ಕೆಲಸ ಮಾಡುವುದಿಲ್ಲ. ಒಂದಕ್ಕಿಂತ ಹೆಚ್ಚು ಪ್ಲೇಟ್‌ಗಳನ್ನು ಬೇರೆ ಬೇರೆ ಕೋನದಲ್ಲಿ ಜೋಡಿಸಿ ಈ ದೋಷ ತಗ್ಗಿಸುವ ದಾರಿಯನ್ನು 1955ರಲ್ಲಿ ತೋರಿಸಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ, ಸಿ.ವಿ. ರಾಮನ್ ಅವರ ಸೋದರಳಿಯ. ಆಗ ಅವರಿಗೆ ಇಪ್ಪತ್ತೊಂದರ ಆಸುಪಾಸು. ಧ್ರುವೀಕರಣ ಬದಲಾಗುತ್ತಾ ಹೋದಾಗ ಬೆಳಕಿನ ಅಲೆ ಎಷ್ಟು ಹಿಂದುಮುಂದಾಗುತ್ತದೆ ಎಂಬುದರ ಬಗ್ಗೆ ಮರುವರ್ಷ ಅವರು ಬರೆದದ್ದು ಈಗ ‘ಪಂಚರತ್ನಂ ಫೇಸ್’ ಎನಿಸಿಕೊಂಡಿದೆ; ಅದು ಇವತ್ತಿನ ಚಪ್ಪಟೆ ಲೆನ್ಸ್‌ಗಳಲ್ಲೂ ಬಳಕೆಯಲ್ಲಿದೆ. ನಮ್ಮ ಪಠ್ಯಗಳಲ್ಲಿ ಈ ಹೆಸರು ಇನ್ನೂ ದೊಡ್ಡದಾಗಿ ಬರಬೇಕು.

ಈಗ ಗಾಜಿಲ್ಲದೆ ಬರೀ ಫೋನನ್ನು ಪರದೆಯ ಎದುರು ತಿರುಗಿಸಿ. ರೀಡಿಂಗ್ ತುಂಬಾ ಏರಿಳಿದರೆ ಸೆನ್ಸರ್ ಫೋನಿನ ಡಿಸ್‌ಪ್ಲೇ ಕೆಳಗಿದೆ ಎಂದರ್ಥ. ಅಲ್ಲಿ ಇನ್ನೊಂದು ಪೋಲರಾಯ್ಡ್ ಕೂತಿರುತ್ತದೆ. ಸೆನ್ಸರ್ ಮೇಲೆ ಬಿಳಿ ಹಾಳೆಯ ಚೂರು ಅಂಟಿಸಿದರೆ ಸಾಕು, ಹಾಳೆ ಧ್ರುವೀಕರಣವನ್ನು ಕಲಸಿಬಿಡುತ್ತದೆ. ಈ ಹೆಜ್ಜೆ ಬಿಟ್ಟರೆ ಮುಂದಿನ ಲೆಕ್ಕವೆಲ್ಲ ತಪ್ಪು.

ಫೋನ್ ಅಲುಗದಂತೆ ಪರದೆಗೆ ನೇರವಾಗಿ ನಿಲ್ಲಿಸಿ. ಒಂದು ಗಾಜನ್ನು ಹಿಂದುಮುಂದಾಗಿ ಸೆನ್ಸರ್ ಎದುರು ಹಿಡಿದು ತಿರುಗಿಸಿ. ರೀಡಿಂಗ್ ತೀರಾ ಕಡಿಮೆಯಾದ ಜಾಗ 90 ಡಿಗ್ರಿ. ರಟ್ಟಿನ ಮೇಲೆ 0, 45, 90, 135 ಗುರುತು ಹಾಕಿ, ನಾಲ್ಕೂ ರೀಡಿಂಗ್ ಬರೆದುಕೊಳ್ಳಿ. ಆಮೇಲೆ ಮುಂಭಾಗ ಪರದೆಯ ಕಡೆ ಬರುವಂತೆ ಹಿಡಿದು, ಬಲಗಣ್ಣಿನ ಗಾಜಿನದು ಒಂದು, ಎಡಗಣ್ಣಿನದು ಒಂದು. ಪರದೆ ಆರಿಸಿದಾಗ ಬರುವ ರೀಡಿಂಗನ್ನು ಎಲ್ಲದರಿಂದಲೂ ಕಳೆಯಿರಿ.

ಲೆಕ್ಕ ಭೌತವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ಕೊಟ್ಟದ್ದು. 0ಯಿಂದ 90 ಕಳೆಯಿರಿ, 45ರಿಂದ 135 ಕಳೆಯಿರಿ, ಬಲದಿಂದ ಎಡ ಕಳೆಯಿರಿ. ಮೂರು ಸಂಖ್ಯೆ ಸಿಕ್ಕವು. ಪ್ರತಿಯೊಂದರ ವರ್ಗ ಕೂಡಿಸಿ, ವರ್ಗಮೂಲ ತೆಗೆದು, 0 ಮತ್ತು 90ರ ಮೊತ್ತದಿಂದ ಭಾಗಿಸಿ. ಅದೇ ಧ್ರುವೀಕರಣದ ಪ್ರಮಾಣ. ಮೂರೂ ಜೋಡಿಗಳ ಮೊತ್ತ ಹೆಚ್ಚುಕಡಿಮೆ ಒಂದೇ ಇರಬೇಕು. ಇಲ್ಲದಿದ್ದರೆ ಫೋನ್ ಅಲುಗಿದೆ, ಇಲ್ಲವೇ ಹಾಳೆ ಸರಿದಿದೆ.

ಬರೀ ಪರದೆಗೆ ಮೊದಲ ಸಂಖ್ಯೆ ದೊಡ್ಡದು, ಉಳಿದೆರಡು ಸೊನ್ನೆಯ ಹತ್ತಿರ. ಈಗ ಬೇರೊಂದು ಸಾದಾ ಗಾಜಿನ ಪಟ್ಟಿಗೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಅಂಟಿಸಿ, ಟೇಪಿನ ಉದ್ದ 0 ಗುರುತಿಗೆ 45 ಡಿಗ್ರಿ ಓರೆಯಾಗುವಂತೆ ಪರದೆಗೂ ಕನ್ನಡಕದ ಗಾಜಿಗೂ ನಡುವೆ ಹಿಡಿಯಿರಿ. ಟೇಪ್ ತಯಾರಿಸುವಾಗ ಎಳೆದಿರುವುದರಿಂದ ಅದರ ಉದ್ದಕ್ಕೂ ಅಡ್ಡಕ್ಕೂ ಬೆಳಕಿನ ವೇಗ ಬೇರೆ. ಹೀಗಾಗಿ ನೇರ ಗೆರೆಯ ಬೆಳಕು ಸುತ್ತತೊಡಗುತ್ತದೆ. ಎಷ್ಟು ಎಂಬುದು ಟೇಪಿನ ದಪ್ಪ, ಪದರಗಳ ಮೇಲೆ ನಿಂತಿದೆ. ಒಂದೊಂದೇ ಪದರ ಹೆಚ್ಚಿಸಿ ನೋಡಿ. ಬೆಳಕನ್ನು ಬೇಕಾದ ಹಾಗೆ ಬದಲಿಸುವ ಕೆಲಸ ಇಲ್ಲಿಂದಲೇ ಶುರು.

0ಗೆ 80, 90ಕ್ಕೆ 20, 45 ಮತ್ತು 135ಕ್ಕೆ 50, ಬಲಕ್ಕೆ 90, ಎಡಕ್ಕೆ 10 ಬಂದಿತು ಎಂದುಕೊಳ್ಳಿ. ವ್ಯತ್ಯಾಸಗಳು 60, 0, 80. ಲೆಕ್ಕ ಹಾಕಿದರೆ 100ಕ್ಕೆ 100, ಅಂದರೆ ಬೆಳಕು ಪೂರ್ತಿ ಧ್ರುವೀಕರಣಗೊಂಡಿದೆ. ಬರೀ ಪೋಲರಾಯ್ಡ್ ನಂಬಿದ್ದರೆ ಶೇ 60 ಎಂದು ಬರೆದು ಮುಗಿಸುತ್ತಿದ್ದೆವು, ಅಲ್ವಾ? ಟೇಪ್ ಬದಲು ಬಿಳಿ ಹಾಳೆ ಹಿಡಿದರೆ ಮೂರೂ ಸಂಖ್ಯೆ ಕುಸಿಯುತ್ತವೆ. ಆ ಬೆಳಕು ನಿಜವಾಗಿಯೂ ಕ್ರಮ ಕಳೆದುಕೊಂಡಿದೆ.

ಇದೇ ಜೋಡಣೆಯಲ್ಲಿ ಸೂರ್ಯನನ್ನಾಗಲಿ ಲೇಸರನ್ನಾಗಲಿ ನೋಡಬೇಡಿ. ಈ ಗಾಜು ಕಣ್ಣನ್ನು ಕಾಪಾಡುವುದಿಲ್ಲ.

ಮುಂದಿನ ಪ್ರಯೋಗಕ್ಕೆ ಸಕ್ಕರೆ ಸಾಕು. 50 ಗ್ರಾಂ ಸಕ್ಕರೆ ಕರಗಿಸಿ ಒಟ್ಟು 100 ಮಿಲಿ ಪಾಕ ಮಾಡಿ, 10 ಸೆಂಟಿಮೀಟರ್ ಉದ್ದದ ಚಪ್ಪಟೆ ಗಾಜಿನ ಪಾತ್ರೆಯಲ್ಲಿ ತುಂಬಿ. ಸೋಡಿಯಂ ದೀಪದ ಹಳದಿ ಬೆಳಕಾದರೆ ಕಂಪನದ ಗೆರೆ ಸುಮಾರು 33 ಡಿಗ್ರಿ ತಿರುಗುತ್ತದೆ. ಹಸಿರಿಗೆ ಇನ್ನೂ ಸ್ವಲ್ಪ ಜಾಸ್ತಿ. ಇಲ್ಲಿ ಮೊದಲೆರಡು ಸಂಖ್ಯೆಗಳು ಬದಲಾಗುತ್ತವೆ, ಮೂರನೆಯದು ಸೊನ್ನೆಯ ಹತ್ತಿರವೇ ಇರುತ್ತದೆ. ಸಕ್ಕರೆ ಕಾರ್ಖಾನೆಗಳ ಲ್ಯಾಬಿನಲ್ಲಿ ಕಬ್ಬಿನ ಹಾಲಿನ ‘ಪೋಲ್’, ಅಂದರೆ ಸಕ್ಕರೆಯ ಅಂಶ ಅಳೆಯುವುದು ಈ ತಿರುವಿನಿಂದಲೇ.