ಟಕೋಮಾಗೆ ಟ್ರೇಲರ್ ಕಟ್ಟಿ ಡಾನರ್ ಘಾಟಿ ಹತ್ತುವ ಬಗೆ

ಮೊದಲ ಸಲ ನಮ್ಮ ಟ್ರಕ್ಕಿಗೆ ಕ್ಯಾಂಪಿಂಗ್ ಟ್ರೇಲರ್ ಕಟ್ಟಿಕೊಂಡು ಕ್ಯಾಲಿಫೋರ್ನಿಯಾದ ಡಾನರ್ ಘಾಟಿಯ ಕಡೆ ಹೊರಟಾಗ ನಮ್ಮ ಗ್ರೈಂಡರ್ ಅದರ ಹಿಂದುಗಡೆ ಡಿಕ್ಕಿಯಲ್ಲಿತ್ತು. ಪಕ್ಕದಲ್ಲಿ ಎರಡು ಚೀಲ ಸೋನಾ ಮಸೂರಿ, ನೀರಿನ ಕ್ಯಾನು, ಕಬ್ಬಿಣದ ದೋಸೆ ಹಂಚು. ಫ್ರೀಮಾಂಟಿನಿಂದ ಐ-680 ಹೆದ್ದಾರಿ ಹಿಡಿದು, ಆಮೇಲೆ ಐ-80ಕ್ಕೆ ಸೇರಿದೆವು. ಡೇವಿಸ್ ದಾಟಿ ಯೋಲೋ ಕಾಸ್‌ವೇ ಎಂಬ ಉದ್ದ ಸೇತುವೆಯ ಮೇಲೆ ದೊಡ್ಡ ಲಾರಿಯೊಂದು ಪಕ್ಕದಲ್ಲೇ ಹಾದುಹೋಯಿತು. ಅಷ್ಟೇ, ಟ್ರೇಲರ್ ಬಾಲ ಆಡಿಸಲು ಶುರು ಮಾಡಿತು. ಎಡಕ್ಕೆ, ಬಲಕ್ಕೆ, ಇನ್ನೂ ಜೋರಾಗಿ ಎಡಕ್ಕೆ. "ರೀ, ಏನ್ರೀ ಇದು!" ಅಂತ ಹೆಂಡತಿ ಕೂಗಿದಳು. ನನಗೆ ಬಾಯಿ ಒಣಗಿತ್ತು.

ನನ್ನದು 2019ರ ಟೊಯೋಟಾ ಟಕೋಮಾ ಪಿಕಪ್ ಟ್ರಕ್, 3.5 ಲೀಟರ್ ವಿ6, ಟರ್ಬೊ ಇಲ್ಲ. "ಇಷ್ಟು ಚಿಕ್ಕ ಇಂಜಿನ್ ಎಳೆಯುತ್ತಾ?" ಅಂತ ಸಿಕ್ಕವರೆಲ್ಲ ಕೇಳುತ್ತಾರೆ. ಎಳೆಯುತ್ತದೆ. ಅವತ್ತು ಕೈಕೊಟ್ಟಿದ್ದು ನಾನು ಸಾಮಾನು ಹೇರಿದ ರೀತಿ.

ತಿಪಟೂರಿನ ಕಡೆ ನಮ್ಮ ತಾತ ಗಾಡಿಗೆ ತೆಂಗಿನಕಾಯಿ ಹೇರಿದ ಮೇಲೆ ಎತ್ತು ಕಟ್ಟುವ ಮೊದಲು ಮೂಕಿ ಎತ್ತಿ ನೋಡುತ್ತಿದ್ದರು. ಹಿಂಭಾರ ಆದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ. ಮುಂಭಾರ ಜಾಸ್ತಿಯಾದರೆ ಹೆಗಲು ಹುಣ್ಣಾಗುತ್ತದೆ. ಟ್ರೇಲರ್ ಲೆಕ್ಕವೂ ಇದೇ. ಟ್ರೇಲರಿನ ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಹಿಚ್ ಮೇಲೆ, ಅಂದರೆ ಟ್ರಕ್ಕಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿಯ ಮೇಲೆ, ಕೂರಬೇಕು. ಅದಕ್ಕಿಂತ ಕಡಿಮೆಯಾದರೆ ಬಾಲ ಆಡಿಸುತ್ತದೆ. ಭಾರದ ಸಾಮಾನೆಲ್ಲ ಆಕ್ಸಲ್‌ಗಿಂತ (ಚಕ್ರದ ಅಚ್ಚಿಗಿಂತ) ಮುಂದೆ, ನೆಲಮಟ್ಟದಲ್ಲಿ ಇಡಿ. ಗ್ರೈಂಡರ್ ಮನೆಯಲ್ಲೇ ಇರಲಿ. ಹಿಟ್ಟು ರುಬ್ಬಿ ಐಸ್ ಬಾಕ್ಸಿನಲ್ಲಿ ಒಯ್ಯಬಹುದು.

ಹಿಚ್ ಮೇಲೆ ಕೂರುವ ಈ ಮೂಗಿನ ಭಾರ ಅಳೆಯಲು ಬಾತ್‌ರೂಮ್ ತಕ್ಕಡಿ ಸಾಕು. ಗಟ್ಟಿ ಹಲಗೆಯೊಂದನ್ನು ತಗೊಳ್ಳಿ. ಒಂದು ತುದಿ ಇಟ್ಟಿಗೆಯ ಮೇಲೆ, ಇನ್ನೊಂದು ತುದಿ ತಕ್ಕಡಿಯ ಮೇಲೆ, ನಡುವೆ 3 ಅಡಿ ಅಂತರ. ಎರಡರ ಎತ್ತರವೂ ಒಂದೇ ಇರಲಿ. ಟ್ರೇಲರಿನ ಜ್ಯಾಕನ್ನು ಇಟ್ಟಿಗೆಯಿಂದ 1 ಅಡಿ, ತಕ್ಕಡಿಯಿಂದ 2 ಅಡಿ ದೂರಕ್ಕೆ ಹಲಗೆ ಮೇಲೆ ಇಳಿಸಿ. ತಕ್ಕಡಿ ತೋರಿಸಿದ್ದನ್ನು ಮೂರರಿಂದ ಗುಣಿಸಿ. ಚಕ್ರಕ್ಕೆ ಅಡ್ಡಗಟ್ಟೆ ಇಡುವುದನ್ನು ಮರೆಯಬೇಡಿ. ನನ್ನದು 440 ಪೌಂಡ್ ಬಂತು. ಟ್ರೇಲರ್ 3,600, ಅಂದರೆ ನೂರಕ್ಕೆ 12. ಸರಿಯಾಗಿದೆ.

ಈ 3,600 ಎಲ್ಲಿಂದ ಬಂತು ಅಂತೀರಾ? ಕ್ಯಾಟಲಾಗಿನಲ್ಲಿ ಇದ್ದದ್ದು 2,950. ಅದು ಖಾಲಿ ಟ್ರೇಲರಿನ ತೂಕ. ಗ್ಯಾಸ್, ಬ್ಯಾಟರಿ, ಪಾತ್ರೆ, ಹಾಸಿಗೆ ಸೇರಿದರೆ ಲೆಕ್ಕವೇ ಬೇರೆ. 30 ಗ್ಯಾಲನ್ ನೀರು ಒಂದೇ 250 ಪೌಂಡ್. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪಿನಲ್ಲಿ ಕ್ಯಾಟ್ ಸ್ಕೇಲ್ ಅಂತ ತೂಕದ ಕಟ್ಟೆ ಇರುತ್ತದೆ. ಒಮ್ಮೆ ಟ್ರೇಲರ್ ಸಮೇತ, ಒಮ್ಮೆ ಟ್ರಕ್ ಮಾತ್ರ ತೂಗಿಸಿ ಕಳೆದರೆ ನಿಜ ಗೊತ್ತಾಗುತ್ತದೆ.

ಟ್ರೇಲರ್ ಮಾರಿದವರು "ನಿಮ್ಮ ಟ್ರಕ್ 6,400 ಪೌಂಡ್ ಎಳೆಯುತ್ತೆ ಸಾರ್, ಚಿಂತೆ ಬೇಡ" ಅಂದಿದ್ದರು. ಆ ಅಂಕಿಯನ್ನು ಪಕ್ಕಕ್ಕಿಡಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಬಿಳಿ ಚೀಟಿಯೊಂದು ಕಾಣುತ್ತದೆ. ಜನ, ಸಾಮಾನು ಸೇರಿ ಎಷ್ಟು ಭಾರ ಹೊರಬಹುದು ಅಂತ ಅದರಲ್ಲಿರುತ್ತದೆ. ನನ್ನದರಲ್ಲಿ 1,120 ಪೌಂಡ್. ನಾವು ನಾಲ್ಕು ಜನ 460. ಟ್ರೇಲರಿನ ಮೂಗು 440, ಏಕೆಂದರೆ ಅದನ್ನೂ ಟ್ರಕ್ಕೇ ಹೊರಬೇಕು. ಹಿಚ್ 40. ಹಿಂದಿನ ತೊಟ್ಟಿಯಲ್ಲಿ ಜನರೇಟರ್, ಐಸ್ ಬಾಕ್ಸ್, ಕುರ್ಚಿ ಸೇರಿ 110. ಒಟ್ಟು 1,050. ಉಳಿದದ್ದು ಬರೀ 70. ಚಿಕ್ಕ ಟ್ರಕ್ಕಿನಲ್ಲಿ ಎಳೆಯುವ ಶಕ್ತಿಗಿಂತ ಮೊದಲು ಮುಗಿಯುವುದು ಈ ಲೆಕ್ಕ. ಅತ್ತೆ ಮಾವ ಊರಿಂದ ಬಂದಾಗ ಅವರನ್ನು ಇನ್ನೊಂದು ಕಾರಿನಲ್ಲಿ ಕರೆದುಕೊಂಡು ಹೋಗಬೇಕಾಯಿತು!

ಬ್ರೇಕ್ ವಿಷಯದಲ್ಲಿ ದುಡ್ಡು ಉಳಿಸಬೇಡಿ. ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕಿಗೆ ಡ್ಯಾಶ್ ಕೆಳಗೆ ಕಂಟ್ರೋಲರ್ ಹಾಕಿಸಿ. ಖಾಲಿ ಪಾರ್ಕಿಂಗ್ ಜಾಗದಲ್ಲಿ 25 ಮೈಲಿ ವೇಗದಲ್ಲಿ ಹೋಗುತ್ತಾ ಅದರ ಲಿವರನ್ನು ಕೈಯಿಂದ ಒತ್ತಿ ನೋಡಿ. ಟ್ರೇಲರ್ ಚಕ್ರ ಕಚ್ಚಿ ಉಜ್ಜಿದರೆ ಕಂಟ್ರೋಲರಿನ ಬಲ ಸ್ವಲ್ಪ ಇಳಿಸಿ, ಹಿಡಿತವೇ ಸಿಗದಿದ್ದರೆ ಏರಿಸಿ. ಟ್ರೇಲರ್ ಬಾಲ ಆಡಿಸಿದಾಗಲೂ ಕೈಹಿಡಿಯುವುದು ಈ ಲಿವರೇ. ಟ್ರಕ್ಕಿನ ಬ್ರೇಕ್ ತುಳಿಯಬೇಡಿ. ಸ್ಟೀರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಲಿವರ್ ಮೆತ್ತಗೆ ಒತ್ತಿ. ಹಿಂದಿನಿಂದ ಯಾರೋ ಹಿಡಿದೆಳೆದ ಹಾಗೆ ನೇರವಾಗುತ್ತದೆ. ಅವತ್ತು ನಾನು ಬ್ರೇಕ್ ತುಳಿದಿದ್ದೆ. ಬಚಾವಾಗಿದ್ದು ಅದೃಷ್ಟ.

ಈಗ ಘಾಟಿ. ಸ್ಯಾಕ್ರಮೆಂಟೊ ಸಮುದ್ರಮಟ್ಟಕ್ಕಿಂತ ಸುಮಾರು 30 ಅಡಿ ಮೇಲಿದೆ. ಅಲ್ಲಿಂದ ಸುಮಾರು 90 ಮೈಲಿಯಲ್ಲಿ ಡಾನರ್ ಸಮಿಟ್, 7,239 ಅಡಿ. ಟರ್ಬೊ ಇಲ್ಲದ ಇಂಜಿನ್ ಪ್ರತಿ 1,000 ಅಡಿಗೆ ನೂರಕ್ಕೆ 3 ಪಾಲಿನಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ನನ್ನ ಇಂಜಿನ್ನಿನ 278 ಕುದುರೆಗಳಲ್ಲಿ (ಹಾರ್ಸ್‌ಪವರ್) ಮೇಲೆ ತಲುಪುವುದು ಸುಮಾರು 220. ಅದಕ್ಕೇ ಕ್ರೂಸ್ ಕಂಟ್ರೋಲ್ ಆಫ್ ಮಾಡಿ. ಗೇರನ್ನು ಎಸ್4ಕ್ಕೆ (ನಾಲ್ಕನೇ ಗೇರಿಗಿಂತ ಮೇಲೆ ಹೋಗದ ಹಾಗೆ) ಹಾಕಿ, ಕಡಿದಾದ ಕಡೆ ಎಸ್3. ಇಂಜಿನ್ ನಿಮಿಷಕ್ಕೆ 4,000, 4,500 ಸುತ್ತಿನಲ್ಲಿ ಅರಚಲಿ ಬಿಡಿ. ಈ ಇಂಜಿನ್ನಿನ ಎಳೆತ ಇರುವುದೇ ಅಲ್ಲಿ. ಮೇಲಿನ ಗೇರಿನಲ್ಲಿ ತಿಣುಕುತ್ತಾ ಹೋದರೆ ಗೇರ್ ಬಾಕ್ಸ್ ಬಿಸಿಯಾಗುತ್ತದೆ. ಸದ್ದಿಗೆ ಹೆದರದೆ ಉಷ್ಣತೆಯ ಮುಳ್ಳಿನ ಮೇಲೆ ಕಣ್ಣಿಡಿ. ಅದು ಏರಿದರೆ ವೇಗ ತಗ್ಗಿಸಿ, ಎಸಿ ಆರಿಸಿ. ಬಲಗಡೆ ಲೇನಿನಲ್ಲಿ ಲಾರಿಗಳ ಹಿಂದೆ 45 ಮೈಲಿಯಲ್ಲಿ ಹೋಗುವುದಕ್ಕೆ ನಾಚಿಕೆ ಬೇಡ. ಟ್ರೇಲರ್ ಎಳೆಯುವವರಿಗೆ ಕ್ಯಾಲಿಫೋರ್ನಿಯಾದಲ್ಲಿ ಮಿತಿಯೇ 55.

ಪೆಟ್ರೋಲ್ ಕುಡಿಯುತ್ತದೆ, ಸುಳ್ಳು ಹೇಳುವುದಿಲ್ಲ. ಸುಮ್ನೆ ಓಡಿಸಿದರೆ ಗ್ಯಾಲನ್ನಿಗೆ 20 ಮೈಲಿ ಕೊಡುವ ಗಾಡಿ ಟ್ರೇಲರ್ ಕಟ್ಟಿದರೆ 10, 11ಕ್ಕೆ ಇಳಿಯುತ್ತದೆ. 150 ಮೈಲಿಗೊಮ್ಮೆ ಬಂಕ್ ಹುಡುಕಿ.

ಇಳಿಜಾರಿಗೆ ಶಿರಾಡಿ ಘಾಟಿಯ ಲಾರಿ ಡ್ರೈವರುಗಳ ಮಾತೇ ಸಾಕು: ಹತ್ತಿದ ಗೇರಿನಲ್ಲೇ ಇಳಿ. ಇಳಿಯಲು ಶುರುವಾಗುವ ಮೊದಲೇ ಗೇರ್ ತಗ್ಗಿಸಿ. ವೇಗ ಏರಿದಾಗ ಗಟ್ಟಿಯಾಗಿ ಒಮ್ಮೆ ಬ್ರೇಕ್ ಹಾಕಿ, 5 ಮೈಲಿ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದೇ ಇಲ್ಲ.

ಘಾಟಿ ಇಳಿದ ಮೇಲೆ ಸಿಗುವ ಟ್ರಕ್ಕಿ ಎಂಬ ಊರಿನಲ್ಲಿ ನಿಲ್ಲಿಸಿದ ಕೂಡಲೇ ನಾನು ಟ್ರೇಲರಿನ ಎರಡೂ ಚಕ್ರದ ಹಬ್ (ನಡುಭಾಗ) ಹತ್ತಿರ ಕೈ ಒಡ್ಡಿ ನೋಡುತ್ತೇನೆ. ಎರಡೂ ಒಂದೇ ಸಮ ಬೆಚ್ಚಗಿದ್ದರೆ ಕಾಫಿಗೆ ನೀರಿಡಲು ಹೇಳುತ್ತೇನೆ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗೋ ಬ್ರೇಕೋ ಹಿಡಿದಿದೆ ಅಂತ ಅರ್ಥ. ಅದನ್ನು ಬಿಚ್ಚಿ ನೋಡದೆ ಮರುದಿನ ಹೊರಡುವುದಿಲ್ಲ.