ಎಣ್ಣೆ ಹಚ್ಚುವ ಕೈ ಮೈಯನ್ನು ತಿದ್ದಬಾರದು

ಮೈಸೂರು, ಮಂಡ್ಯ ಕಡೆ ಕೂಸಿಗೆ ಎಣ್ಣೆ ನೀರು ಹಾಕುವವರು ಮೈ ಸವರುವುದರ ಜೊತೆಗೆ ಮೈ ತಿದ್ದುವ ಕೆಲಸವನ್ನೂ ಮಾಡುತ್ತಾರೆ. ನೆಟ್ಟಗಾಗಲಿ ಎಂದು ಮೂಗು ತೀಡುತ್ತಾರೆ, ಬೆಳ್ಳಗಾಗಲಿ ಎಂದು ಕಡಲೆಹಿಟ್ಟಿನಲ್ಲಿ ಉಜ್ಜುತ್ತಾರೆ. ತಿದ್ದುವುದನ್ನು ಬಿಡಿ. ಮೂಗು, ಬಣ್ಣ ಅಪ್ಪ ಅಮ್ಮನಿಂದ ಬಂದವು. ಉಜ್ಜಿದರೆ ಎಳೆ ಚರ್ಮ ಕೆಂಪಾಗುವುದಷ್ಟೇ.

ಮೊದಲು ಫ್ಯಾನ್ ಆರಿಸಿ, ಬಳೆ ಉಂಗುರ ತೆಗೆದಿಡಿ. ಹಾಲು ಕುಡಿಸಿ ಅರ್ಧ ಗಂಟೆಯಾದರೂ ಕಳೆದಿರಲಿ. ಒಂದೆರಡು ಟೀ ಚಮಚ ಕೊಬ್ಬರಿ ಎಣ್ಣೆ ಸಾಕು, ಅಂಗೈಯಲ್ಲೇ ಬೆಚ್ಚಗೆ ಮಾಡಿಕೊಳ್ಳಿ. ಕಿವಿ, ಮೂಗಿಗೆ ಬಿಡಬೇಡಿ.

ಕೈ ನಿಧಾನವಾಗಿ ಆಡಲಿ. ನಾಲ್ಕೈದು ವರ್ಷದ ಮಗುವಾದರೆ ಭುಜದಿಂದ ಸೊಂಟಕ್ಕೆ ಇಳಿಯಲು 6ರಿಂದ 8 ಸೆಕೆಂಡು ಹಿಡಿಯಲಿ. ಬೆನ್ನು, ತೋಳಿನ ಚರ್ಮದಲ್ಲಿರುವ ಸಿ-ಟ್ಯಾಕ್ಟೈಲ್ ಎಂಬ ನರತಂತುಗಳು ಚೆನ್ನಾಗಿ ಸ್ಪಂದಿಸುವುದು ಸೆಕೆಂಡಿಗೆ 1ರಿಂದ 10 ಸೆಂ.ಮೀ. ವೇಗದಲ್ಲಿ ಸವರುವ ಬೆಚ್ಚನೆಯ ಕೈಗೆ. ಅವುಗಳ ಸಂದೇಶ ತಲುಪುವ ಮಿದುಳಿನ ಇನ್ಸುಲಾ ಭಾಗವೇ ಎದೆಬಡಿತ, ಹಸಿವಿನಂಥ ಒಳಗಿನ ಅರಿವನ್ನೂ ನೋಡಿಕೊಳ್ಳುತ್ತದೆ. ಬಾಲ್ಯದಲ್ಲಿ ಸಿಕ್ಕ ಮುದ್ದಿಗೂ ಮುಂದೆ ತನ್ನ ಮೈ ಬಗ್ಗೆ ಇರುವ ಭಾವನೆಗೂ ನಂಟು ಹುಡುಕುವ ಸಂಶೋಧಕರು ಬೊಟ್ಟು ಮಾಡುವುದು ಈ ಇನ್ಸುಲಾವನ್ನೇ. ಆದರೆ ದೊಡ್ಡವರು ಬಾಲ್ಯವನ್ನು ನೆನಪಿಸಿಕೊಂಡು ಹೇಳಿದ್ದನ್ನು ನೆಚ್ಚಿದ ಅಧ್ಯಯನಗಳಿಂದ ಮುದ್ದೇ ಕಾರಣ ಎಂದು ಹೇಳಲಾಗದು. ಮಗುವನ್ನು ಹೆಚ್ಚು ಅಪ್ಪಿಕೊಳ್ಳಲಾಗದ ಅಮ್ಮಂದಿರು ಗಾಬರಿಪಡಬೇಕಿಲ್ಲ.

ಕೈ ಮೆತ್ತಗಿದ್ದು ಬಾಯಿ ಚುಚ್ಚಿದರೆ ಉಪಯೋಗವಿಲ್ಲ. "ಅಕ್ಕನ ಬಣ್ಣ ಇವಳಿಗೆ ಬರಲಿಲ್ಲ", "ಹೊಟ್ಟೆ ನೋಡು, ಗುಡಾಣ" ಎಂಬ ತಮಾಷೆ ಮಗುವಿಗೆ ತಮಾಷೆಯಲ್ಲ.

ಮೂರು ವರ್ಷ ದಾಟಿದ ಮೇಲೆ "ಬೆನ್ನಿಗೆ ಹಚ್ಚಲಾ ಪುಟ್ಟಿ?" ಎಂದು ಕೇಳಿ. ಬೇಡ ಅಂದರೆ ಬಿಡಿ. ಚಡ್ಡಿ ಮುಚ್ಚುವ ಜಾಗವನ್ನು ತಾನೇ ತೊಳೆದುಕೊಳ್ಳಲು ಕಲಿಸಿ. ನೆಂಟರಿಗೆ ಮುತ್ತು ಕೊಡು ಎಂದು ದಬಾಯಿಸಬೇಡಿ, ನಮಸ್ಕಾರ ಸಾಕು. ಯಾರಾದರೂ ಕೆಟ್ಟದಾಗಿ ಮುಟ್ಟಿದ್ದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಹೆಚ್ಚಾಗಿ ಎಡವುವುದು ಹತ್ತು ಹನ್ನೆರಡರ ವಯಸ್ಸಿನಲ್ಲಿ. ಮಗಳು ದೊಡ್ಡವಳಾದಳೆಂದು ಅಪ್ಪ ದೂರ ಸರಿಯುತ್ತಾರೆ, ಮೀಸೆ ಚಿಗುರಿತೆಂದು ಮಗನನ್ನು ಅಮ್ಮ ಮುಟ್ಟುವುದಿಲ್ಲ. ಮೈ ಬದಲಾಗುವ ಹೊತ್ತಿಗೇ ಮುದ್ದು ನಿಂತರೆ, ತನ್ನ ಮೈಯೇ ಸರಿಯಿಲ್ಲವೇನೋ ಎಂದು ಮಕ್ಕಳಿಗೆ ಅನ್ನಿಸಬಹುದು. ಶಾಲೆಗೆ ಹೊರಡುವಾಗ ಭುಜ ತಟ್ಟುವುದು, ಜಡೆ ಹಾಕುವುದು ಮುಂದುವರಿಯಲಿ. ನಿಲ್ಲಿಸಿ ವರ್ಷಗಳೇ ಆಗಿದ್ದರೆ ದಿಢೀರನೆ ತಬ್ಬಿಕೊಳ್ಳಬೇಡಿ, ಇಬ್ಬರಿಗೂ ಮುಜುಗರ. ಒಪ್ಪಿದರೆ ಭಾನುವಾರ ತಲೆಗೆ ಎಣ್ಣೆ ಹಚ್ಚಿ. ಹರಳೆಣ್ಣೆ ಹಚ್ಚುವುದಾದರೆ ಬರೀ ಅದೇ ಆದರೆ ಜಿಗುಟು, ಒಂದು ಚಮಚಕ್ಕೆ ಎರಡು ಚಮಚ ಕೊಬ್ಬರಿ ಎಣ್ಣೆ ಬೆರೆಸಿಕೊಳ್ಳಿ.